ಹೊನ್ನಾಳಿಯ ಕೊನೆಯ ದೃಶ್ಯ

"ಏಳ್ರೀ ಮೇಲೆ! ಅದು ಸಂಘದ ಅಧ್ಯಕ್ಷರ ಖುರ್ಚಿ!"

ಬಾಗಿಲಲ್ಲಿ ನಿಂತ ಗಂಡಸಿನ ದನಿಗೆ ಓಬವ್ವ ಬೆಚ್ಚಿ ಎದ್ದಳು. ಚನ್ನಗಿರಿಯ ಆ ಹಳೇ ಗೋದಾಮಿನಲ್ಲಿ ನಾಟಕದ ತಾಲೀಮಿಗೆ ಸೇರಿದ್ದವರೆಲ್ಲ ತಿರುಗಿ ಅವಳನ್ನೇ ನೋಡಿದರು.

ಜಗಳೂರು ಕಡೆಯ ಬಿಳಿಚೋಡಿನಿಂದ ಅವ್ವ ಕೆಂಪಕ್ಕನ ಜೊತೆ ಬಸ್ಸಿನಲ್ಲಿ ನಿಂತೇ ಬಂದಿದ್ದಳು. ಕಾಲು ಸೋತಿತ್ತು, ಕೂತಿದ್ದಳು. ಅಷ್ಟೇ!

ಅವಮಾನಕ್ಕೆ ಕಿವಿ ಬಿಸಿಯಾದವು. ಆದರೂ ತಲೆ ತಗ್ಗಿಸಲಿಲ್ಲ.

"ನಿಂತ್ಕಂಡೇ ಮಾತು ಹೇಳಾಕೆ ಬರ್ತೈತೆ ನಂಗೆ. ಶುರು ಮಾಡ್ರಿ."

ಆ ಗಂಡಸಿನ ಮುಖ ಪೆಚ್ಚಾಯಿತು. ಹೊರಗೆ ಹೋದ. ಸ್ವಲ್ಪ ಹೊತ್ತಿಗೆ ಎದುರಿನ ಬಟ್ಟೆ ಅಂಗಡಿಯಿಂದ ಒಂದು ಮರದ ಖುರ್ಚಿಯನ್ನು ತಲೆಯ ಮೇಲೆ ಹೊತ್ತು, ಪೇಟೆಯ ಜನ ನೋಡುತ್ತಿದ್ದಂತೆಯೇ ರಸ್ತೆ ದಾಟಿ ಬಂದ.

"ನಾಟಕಕ್ಕೆ ಬಂದೋರು ಅಂತ ಗೊತ್ತಾಗ್ಲಿಲ್ಲ... ತಪ್ಪಾತು. ಕೂತ್ಕಳ್ರಿ."

ಓಬವ್ವ ಕೂರಲಿಲ್ಲ. ಆದರೆ ಮೊದಲ ಸಲ ಅವನ ಮುಖವನ್ನು ಸರಿಯಾಗಿ ನೋಡಿದಳು. ಬಟ್ಟೆ ಅಂಗಡಿಯ ಸಾಹುಕಾರರ ಮಗ ಮರುಳಸಿದ್ದಪ್ಪ. 'ಸೋದರತ್ತೆ ಸಡಗರ' ಎಂಬ ಆ ನಗೆನಾಟಕದಲ್ಲಿ ಅವನೇ ಮದುಮಗ, ಅವಳೇ ಮದುಮಗಳು.

ಅದು ಎಪ್ಪತ್ತೆಂಟನೇ ಇಸವಿ. ಊರಿನ ಹುಡುಗಿಯರು ರಂಗ ಹತ್ತದ ಕಾಲ. ಕೆಂಪಕ್ಕ ತನ್ನ ಹರೆಯದಲ್ಲಿ ಬಣ್ಣ ಹಚ್ಚಿದವಳು, ಈಗ ಮಗಳ ಸರದಿ. ಊರೂರಿನ ಸಂಘದವರು ಕರೆದಲ್ಲಿ ಓಬವ್ವ ರಾಣಿಯಾಗುತ್ತಿದ್ದಳು, ಸೊಸೆಯಾಗುತ್ತಿದ್ದಳು. ಪರದೆ ಬಿದ್ದ ಮೇಲೆ ಎಲ್ಲರ ಬಾಯಲ್ಲೂ ಬರೀ 'ಪಾರ್ಟಿನಾಕೆ', ಕಾಸಿಗೆ ಪಾತ್ರ ಮಾಡುವವಳು. ಅವಳನ್ನು 'ರೀ' ಎಂದು ಕರೆದವರು ಯಾರೂ ಇರಲಿಲ್ಲ...

ಈತ ಕರೆಯುತ್ತಿದ್ದ. ತಾಲೀಮಿನ ಉದ್ದಕ್ಕೂ ಕರೆದ. ಸಂಜೆ ತಾಯಿ ಮಗಳನ್ನು ಬಸ್ಸು ಹತ್ತಿಸಲು ಬಂದು, ಕಂಡಕ್ಟರನಿಗೆ ಹೇಳಿ ಜಾಗ ಕೊಡಿಸುತ್ತಿದ್ದ. ಕಿಟಕಿಯಾಚೆ ನಿಂತು ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಬಸ್ಸು ಹೊರಡುತ್ತಿತ್ತು!

'ಬ್ಯಾಡ ಓಬವ್ವ... ಇವೆಲ್ಲ ನಿನ್ನಂಥೋಳಿಗಲ್ಲ,' ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಮನಸ್ಸು ಕೇಳಬೇಕಲ್ಲ!

ಮೊದಲ ಪ್ರದರ್ಶನ ನ್ಯಾಮತಿಯಲ್ಲಿ ಆಯಿತು. ನಾಟಕದ ಕೊನೆಗೆ ಮದುಮಗ ತಾಳಿ ಕಟ್ಟಬೇಕು, ಜನ ಚಪ್ಪಾಳೆ ತಟ್ಟಬೇಕು. ಹಾಗೆಯೇ ಆಯಿತು. ಅರಿಸಿನದ ದಾರಕ್ಕೆ ಹಿತ್ತಾಳೆಯ ಬೊಟ್ಟು. ಅವನ ಬೆರಳು ಕೊರಳಿಗೆ ತಾಗಿದಾಗ ಓಬವ್ವನಿಗೆ ಮುಂದಿನ ಮಾತೇ ಮರೆತುಹೋಯಿತು.

ಪರದೆ ಬಿದ್ದ ಮೇಲೆ ಅದನ್ನು ಬಿಚ್ಚಿ ಸಾಮಾನಿನ ಪೆಟ್ಟಿಗೆಗೆ ಹಾಕಬೇಕಿತ್ತು. ಗಂಟಿನ ಮೇಲೆ ಅವಳ ಕೈ ಒಂದು ಗಳಿಗೆ ನಿಂತಿತು. ತಲೆ ಎತ್ತಿದರೆ ಬಾಗಿಲಲ್ಲಿ ಮರುಳಸಿದ್ದಪ್ಪ! ಅವನು ಥಟ್ಟನೆ ಮುಖ ತಿರುಗಿಸಿ ಹೊರಟುಹೋದ.

ಮರುದಿನ ಬಸ್‌ಸ್ಟ್ಯಾಂಡಿನಲ್ಲಿ ತಡವರಿಸುತ್ತಾ ಹೇಳಿದ. "ಹೊನ್ನಾಳಿ ನಾಟಕ ಮುಗೀಲಿ. ನಿಮ್ಮವ್ವನ ಹತ್ರ ಒಂದು ಮಾತು ಕೇಳೋದೈತೆ."

"ಏನು ಮಾತು?"

"ನಿಮಗೆ ಗೊತ್ತಿಲ್ವಾ?"

ಗೊತ್ತಿತ್ತು! ಊರು ಮುಟ್ಟುವವರೆಗೂ ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಲೇ ಇದ್ದಳು.

ಹೊನ್ನಾಳಿಯಲ್ಲಿ ಟೂರಿಂಗ್ ಟಾಕೀಸಿನ ಡೇರೆಯಲ್ಲಿ ಸಂಜೆಯ ಆಟ. ಜನ ಕಿಕ್ಕಿರಿದಿದ್ದರು. ಕೊನೆಯ ದೃಶ್ಯ ಬಂತು. ಹಸೆಮಣೆಯ ಮೇಲೆ ಓಬವ್ವ. ಪಕ್ಕದಲ್ಲಿ ಸೋದರತ್ತೆಯ ವೇಷದಲ್ಲಿ ಸೀರೆ ಉಟ್ಟು, ದಪ್ಪ ಮೀಸೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡ ಜಯಪ್ಪ. ವಾಲಗ ಊದಿದರು.

ಮರುಳಸಿದ್ದಪ್ಪ ತಾಳಿ ಎತ್ತಿಕೊಂಡ. ಅವಳ ಕೊರಳ ಹತ್ತಿರ ತಂದ. ನಿಂತ.

"ಕಟ್ರಿ..." ಎಂದು ಓಬವ್ವ ಪಿಸುಗುಟ್ಟಿದಳು.

ಅವನು ಅವಳ ಕಣ್ಣನ್ನೇ ನೋಡಿದ. ಆಮೇಲೆ ಸರಕ್ಕನೆ ತಿರುಗಿ ಜಯಪ್ಪನ ಕೊರಳಿಗೆ ತಾಳಿ ಕಟ್ಟಿಬಿಟ್ಟ!

ಸೆರಗು ಜಾರಿತು, ಮೀಸೆ ಹೊರಬಿತ್ತು. ಜಯಪ್ಪ ಏನು ಕಡಿಮೆಯೇ? ಎದೆ ಬಡಿದುಕೊಂಡು, "ಅಯ್ಯೋ ಶಿವನೇ! ಹಲ್ಲು ಉದುರೋ ವಯಸ್ನಾಗೆ ಕಂಕಣ ಕೂಡಿ ಬಂತಲ್ಲಪ್ಪೋ!" ಎಂದು ಅಳುತ್ತಾ ಮದುಮಗನ ತೋಳಿಗೆ ಬಿದ್ದ.

ಡೇರೆಯೇ ಹಾರಿಹೋಗುವಂಥ ನಗೆ! ಜನ ಹೊಟ್ಟೆ ಹಿಡಿದುಕೊಂಡು ಬಿದ್ದು ಬಿದ್ದು ನಕ್ಕರು. ಪರದೆ ಬಿದ್ದರೂ ನಗೆ ನಿಲ್ಲಲಿಲ್ಲ.

ಆ ನಗೆಯ ನಡುವೆ ಓಬವ್ವ ಒಬ್ಬಳೇ ಹಸೆಮಣೆಯ ಮೇಲೆ ಕಲ್ಲಾಗಿ ಕೂತಿದ್ದಳು.

'ಸುಳ್ಳು ತಾಳಿ ಕಟ್ಟಾಕೂ ಅಸಹ್ಯ ಆತೇನು? ನನ್ನ ಕೊರಳು ಅಷ್ಟು ಹೀನವಾ...'

ಮರುಳಸಿದ್ದಪ್ಪ ಬಣ್ಣ ಒರೆಸಿಕೊಂಡು ಓಡಿಬರುವಷ್ಟರಲ್ಲಿ ತಾಯಿ ಮಗಳು ದಾವಣಗೆರೆ ಕಡೆಯ ಲಾರಿ ಹತ್ತಿ ಹೋಗಿಯಾಗಿತ್ತು.

ಓಬವ್ವ ಮತ್ತೆ ಬಣ್ಣ ಹಚ್ಚಲಿಲ್ಲ. ಬಿಳಿಚೋಡಿನ ಅಂಗನವಾಡಿಯಲ್ಲಿ ಸಹಾಯಕಿಯಾದಳು. ಮಕ್ಕಳಿಗೆ ಹಾಡು ಹೇಳಿಕೊಟ್ಟಳು, ಮೂಗು ಒರೆಸಿದಳು. ಬಂದ ಸಂಬಂಧಗಳಿಗೆಲ್ಲ ಬೇಡವೆಂದಳು. ಆದರೆ ಹೊನ್ನಾಳಿಯ ನಗೆ ಅವಳನ್ನು ಬಿಡಲಿಲ್ಲ. ಜಗಳೂರು ಸಂತೆಯಲ್ಲೂ ಯಾರೋ ಅದೇ ಕಥೆ ಹೇಳಿ ನಗುತ್ತಿದ್ದರು. ಮದುಮಗ ಅತ್ತೆಗೆ ತಾಳಿ ಕಟ್ಟಿದ ಕಥೆ! ಪಕ್ಕದಲ್ಲಿ ಮೆಣಸಿನಕಾಯಿ ಆರಿಸುತ್ತಿರುವವಳೇ ಆ ಮದುಮಗಳು ಎಂದು ಅವರಿಗೇನು ಗೊತ್ತು...

ಎಂಬತ್ತೈದರ ಬೇಸಿಗೆಯಲ್ಲಿ ಚನ್ನಗಿರಿಯ ಸಂಘದ ಹಿರಿಯರಾದ ಮಹೇಶ್ವರಪ್ಪ ಹುಡುಕಿಕೊಂಡು ಬಂದರು.

"ಹೊನ್ನಾಳಿ ಜನ ಇವತ್ತಿಗೂ ಆ ನಾಟಕವನ್ನೇ ಕೇಳ್ತಾರಮ್ಮ. ಅದೇ ಮಂದಿ, ಅದೇ ಪಾರ್ಟು. ಒಂದೇ ಆಟ... ಇಲ್ಲ ಅನ್ನಬ್ಯಾಡ."

ಒಳಗಿನಿಂದ ಕೆಂಪಕ್ಕ ಕೂಗಿದಳು. "ಹೋಗಬ್ಯಾಡ! ಆದ ಗಾಯ ಸಾಲ್ದೇನೇ?"

ಓಬವ್ವನಿಗೆ ನಾಟಕ ಬೇಕಿರಲಿಲ್ಲ, ಒಂದೇ ಒಂದು ಉತ್ತರ ಬೇಕಿತ್ತು. "ಬರ್ತೀನಿ," ಎಂದಳು.

ಆಟದ ದಿನ ಮಧ್ಯಾಹ್ನ. ತುಂಗಭದ್ರೆಯ ದಡದಲ್ಲಿ ಸೀರೆ ಒಣಗಿಸಿಕೊಂಡು ಕೂತಿದ್ದಳು. ಹಿಂದೆ ಹೆಜ್ಜೆ ಸದ್ದಾಯಿತು. ತಿರುಗದೆಯೇ ಯಾರೆಂದು ತಿಳಿಯಿತು.

ಮರುಳಸಿದ್ದಪ್ಪನ ಕಿವಿಯ ಪಕ್ಕ ಕೂದಲು ನರೆತಿತ್ತು. ಸ್ವಲ್ಪ ದೂರದಲ್ಲೇ ನಿಂತ.

"ಚೆನ್ನಾಗಿದ್ದೀರಾ? ಮನೇಲಿ... ಯಜಮಾನರು ಹೆಂಗಿದ್ದಾರೆ?"

"ಯಾವ ಯಜಮಾನರು?"

"ಹಿರಿಯೂರಿಗೆ ಕೊಟ್ಟಿದ್ರಲ್ಲ ನಿಮ್ಮನ್ನ..."

ಓಬವ್ವ ಎದ್ದು ನಿಂತಳು. "ಯಾರು ಹೇಳಿದ್ದು?"

"ನಿಮ್ಮವ್ವ. ಹೊನ್ನಾಳಿ ಆಟ ಆದ ಆ ವಾರವೇ ಬಿಳಿಚೋಡಿಗೆ ಬಂದಿದ್ದೆ. ನೀವು ಕಳೆ ತೆಗೆಯಾಕೆ ಹೋಗಿದ್ರಂತೆ, ನಂಗೆ ಗೊತ್ತಿರ್ಲಿಲ್ಲ. ಹೊಸ್ತಿಲ ಮೇಲೇ ನಿಂತು, ಮಗಳನ್ನ ಹಿರಿಯೂರಿಗೆ ಕೊಡೋದು ಗೊತ್ತಾಗೈತೆ, ಇನ್ನು ಈ ಕಡೆ ಬರಬ್ಯಾಡ ಅಂದ್ರು."

ಅವಳ ಕಾಲ ಕೆಳಗಿನ ಮರಳೇ ಸರಿದಂತಾಯಿತು. ಅವ್ವ! ಇಷ್ಟು ವರ್ಷ ಒಂದೇ ಸೂರಿನಡಿ ಮಲಗಿ, ಒಂದು ಮಾತೂ ಹೇಳದ ಅವ್ವ... ಸಿಟ್ಟು ಬಂತು. ಅದರ ಹಿಂದೆಯೇ, ಲಾರಿಯಲ್ಲಿ ತನ್ನನ್ನು ಮಡಿಲಿಗೆ ಎಳೆದುಕೊಂಡು ದಾರಿಯುದ್ದಕ್ಕೂ ಅತ್ತ ಅವ್ವನ ನೆನಪೂ ಬಂತು.

"ನಂಗೆ ಮದ್ವೆ ಆಗಿಲ್ರಿ," ಎಂದಳು. "ಅಷ್ಟು ಮಂದಿ ಮುಂದೆ ನನ್ನ ನಗೆಪಾಟಲು ಮಾಡಿದ್ರಿ. ಮತ್ಯಾಕೆ ಹುಡುಕ್ಕೊಂಡು ಬಂದ್ರಿ?"

"ನಗೆಪಾಟಲಾ? ನಿಮ್ಮನ್ನಾ?" ಅವನು ದಿಗ್ಭ್ರಮೆಯಿಂದ ನೋಡಿದ. "ಓಬವ್ವ... ನ್ಯಾಮತೀಲಿ ನೀವು ಆ ತಾಳಿ ಬಿಚ್ಚಾಕೆ ಗಂಟಿಗೆ ಕೈ ಹಾಕಿದ್ದು ನೋಡ್ದೆ. ಅವತ್ತಿಂದ ಅನ್ನ ಸೇರ್ಲಿಲ್ಲ ನಂಗೆ. ಕಟ್ಟಿದ್ದನ್ನ ಬಿಚ್ಚೋ ತಾಳಿ ನಿಮ್ಮ ಕೊರಳಿಗೆ ಇನ್ನೊಂದ್ಸಲ ಹಾಕಾಕೆ ಕೈ ಬರ್ಲಿಲ್ಲ. ಏನ್ ಮಾಡ್ಬೇಕೋ ತಿಳೀಲಿಲ್ಲ, ಪಕ್ಕದಾಗೆ ಜಯಪ್ಪ ಇದ್ದ..."

ಹೊಳೆಯ ಗಾಳಿಗೆ ಒಣಗಿದ ಸೀರೆ ಪಟಪಟಿಸುತ್ತಿತ್ತು. ಓಬವ್ವ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಅವನು ಮುಟ್ಟಲಿಲ್ಲ. ಅವಳ ಅಳು ಮುಗಿಯುವವರೆಗೂ ಬಿಸಿಲಲ್ಲಿ ನಿಂತೇ ಇದ್ದ.

"ನೀವು?" ಕೊನೆಗೆ ಕೇಳಿದಳು. "ನಿಮಗೆ ಮದ್ವೆ...?"

"ಇಲ್ಲ. ಮನೇಲಿ ಹೇಳಿ ಹೇಳಿ ಸಾಕಾಗಿ ಬಿಟ್ರು."

"ನಿಮ್ಮ ಕುಲದೋರು ಒಪ್ತಾರಾ ನನ್ನ?"

"ಅಪ್ಪಾಜಿ ಒಪ್ಪಲ್ಲ. ಅಂಗಡಿ ಬಿಟ್ಟು ಹೋಗು ಅಂತಾರೆ, ಅದೂ ಗೊತ್ತು. ಸಾಸ್ವೆಹಳ್ಳೀಲಿ ಒಂದು ಮಳಿಗೆ ಹಿಡೀತೀನಿ, ಸಣ್ಣದು." ಅವನ ದನಿ ತಗ್ಗಿತು. "ಸುಲಭ ಐತೆ ಅಂತ ಸುಳ್ಳು ಹೇಳಾಕಿಲ್ಲ."

ಆ ಸಂಜೆ ಆಟ ನಡೆಯಿತು. ಕೊನೆಯ ದೃಶ್ಯಕ್ಕೆ ಜನ ತುದಿಗಾಲ ಮೇಲೆ ನಿಂತಿದ್ದರು. ಮದುಮಗ ತಾಳಿ ಎತ್ತಿದ, ತಿರುಗಿದ, ಜಯಪ್ಪನ ಕೊರಳಿಗೆ ಕಟ್ಟಿದ. ಡೇರೆ ಮತ್ತೆ ಭೋರ್ಗರೆಯಿತು. ಆದರೆ ಈ ಸಲ ಎಲ್ಲರಿಗಿಂತ ಮೊದಲು ನಕ್ಕವಳು ಓಬವ್ವ. ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯುತ್ತಿದ್ದರೂ ನಗುತ್ತಲೇ ಇದ್ದಳು.

ಪರದೆ ಬಿತ್ತು. ಬಣ್ಣದ ಮುಖದಲ್ಲೇ ಇಬ್ಬರೂ ಎದುರುಬದುರು ನಿಂತರು.

"ನಾಳೆ ಬಿಳಿಚೋಡಿಗೆ ಬರ್ತೀನಿ. ನಿಮ್ಮವ್ವನ್ನ ಕೇಳಾಕೆ."

"ಅವ್ವ ಬೈತಾಳೆ."

"ಬೈಲಿ. ಹೊಸ್ತಿಲ ಹೊರಗೇ ಕೂತು ಕೇಳಿಸ್ಕಂತೀನಿ."

"ಬಿಸಿಲು ಜಾಸ್ತಿ ಐತ್ರಿ ನಮ್ಮ ಕಡೆ."

"ಮತ್ತೆ?"

ಓಬವ್ವ ಮೆಲ್ಲಗೆ, ಅವನಿಗೆ ಮಾತ್ರ ಕೇಳುವಂತೆ ಹೇಳಿದಳು.

"ನಾನೂ ಪಕ್ಕದಾಗೆ ಬಂದು ಕೂರ್ತೀನಿ. ಇಬ್ರಿಗೂ ಒಟ್ಟಿಗೇ ಬೈಲಿ..."