ಇನ್ನೊಂದು ಸುತ್ತು

ಶೆಡ್ಡಿಗೆ ಬೀಗ ಹಾಕಿದ್ದು ನಾನೇ ತಾನೆ? ಹೌದು, ಬೀಗದ ಕೈ ಊಟದುದ್ದಕ್ಕೂ ನನ್ನ ಜೇಬಿನಲ್ಲೇ ಇತ್ತು.

ಅಪ್ಪ ಯಾವ ಬೋಲ್ಟನ್ನೂ ನಂಬುತ್ತಿರಲಿಲ್ಲ. ಬಿಗಿಯಾದ ಮೇಲೂ "ಹ್ಞೂಂ" ಎಂದು ಇನ್ನೊಂದು ಸುತ್ತು ಎಳೆಯುತ್ತಿದ್ದರು. ಕಾರಿನ ಇಂಜಿನ್ನಿನಲ್ಲಿ ಒಂದು ಬೋಲ್ಟು ಕೂರುವ ತೂತಿನೊಳಗಿನ ಥ್ರೆಡ್ ಸವೆದು ಆಯಿಲ್ ಸೋರುತ್ತಿದ್ದದ್ದು ಅದರಿಂದಲೇ. ಅಪ್ಪ ತೀರಿಹೋದ ಮೇಲೆ ಕಾರು ಶೆಡ್ಡಿನಲ್ಲಿ ನಿಂತೇ ಇತ್ತು. ಈಗ ಬೆಳಗಾದರೆ ಅಮ್ಮನನ್ನು ಅದರಲ್ಲೇ ಆಪರೇಷನ್ನಿಗೆ ಕರೆದೊಯ್ಯಬೇಕಿತ್ತು.

ಮೆಕ್ಯಾನಿಕ್ ಚಿಕ್ಕಪ್ಪ ಬಂದು ತೂತು ಕೊರೆದು, ಹೊಸ ಥ್ರೆಡ್ ಹೊಡೆದು, ಬೋಲ್ಟಿಗೆ ಹಿಡಿತ ಸಿಗಲೆಂದು ಒಳಗೆ ಉಕ್ಕಿನ ಸುರುಳಿ ಕೂರಿಸಿದರು. ಬೋಲ್ಟನ್ನು ಬೆರಳಿನಲ್ಲೇ ಅರ್ಧ ತಿರುಗಿಸಿಟ್ಟರು.

"ಮಿಕ್ಕಿದ್ದು ಊಟ ಆದ್ಮೇಲೆ. ನಮ್ಮಣ್ಣನ ಹಾಗೆ ಅದರ ಕತ್ತು ಹಿಸುಕಬೇಡಪ್ಪ!"

ಮೂವರೂ ಊಟಕ್ಕೆ ಕೂತಿದ್ದಾಗ ಗೋಡೆಯಾಚೆ ಶೆಡ್ಡಿನಿಂದ "ಹ್ಞೂಂ" ಕೇಳಿಸಿತು. ಅಮ್ಮನ ಕೈಯಲ್ಲಿ ಸೌಟು ನಿಂತಿತು. ಚಿಕ್ಕಪ್ಪ ತಟ್ಟೆಯಿಂದ ತಲೆಯೆತ್ತಲಿಲ್ಲ.

ಬೀಗ ತೆಗೆದಾಗ ಬೋಲ್ಟ್ ತಳದವರೆಗೂ ಕೂತಿತ್ತು. ಚಿಕ್ಕಪ್ಪ ಮುಟ್ಟಿದರೆ ಲೊಡಲೊಡ ತಿರುಗಿ, ಸುರುಳಿಯ ಸಮೇತ ಕಿತ್ತು ಬಂತು.

"ನೀನೇನೋ ಬಿಗಿ ಮಾಡಿದ್ದು?"

ಹಿಂದೆ ಅಮ್ಮ ನಿಂತಿದ್ದರು. "ಹೌದು ಚಿಕ್ಕಪ್ಪ, ನಾನೇ" ಎಂದು ಸುಳ್ಳು ಹೇಳಿ, ನೆಲದಲ್ಲಿದ್ದ ಸ್ಪ್ಯಾನರ್ ಎತ್ತಿಕೊಂಡೆ.

"ನಾಳೆ ಹೋಗೋದು ಬೇಡ ಬಿಡು, ನಿಮ್ಮಪ್ಪನಿಗೆ ಇಷ್ಟ ಇಲ್ಲ" ಅಂದರು ಅಮ್ಮ. ಆಮೇಲೆ ಎಷ್ಟು ಬೇಡಿಕೊಂಡರೂ ಆಪರೇಷನ್ನಿಗೆ ಒಪ್ಪಲೇ ಇಲ್ಲ.

ಸ್ಪ್ಯಾನರಿನ ಹಿಡಿ ಬೆಚ್ಚಗಿತ್ತು ಎಂದು ನಾನು ಅಮ್ಮನಿಗೆ ಕೊನೆಯವರೆಗೂ ಹೇಳಲಿಲ್ಲ.