ಕೊರಡಿನ ಸದ್ದಿಗೆ ಬಿಟ್ಟ ಜಾಗ

"ಕ್ಷಮಿಸಿ, ನಾನು ಮೇಲಿನ ರೂಮಿನವನು," ಎನ್ನುತ್ತ ಅವನು ಅಂಗಡಿಯ ಬಾಗಿಲಲ್ಲಿ ನಿಂತ. "ನಿಮಗೆ ತುಂಬಾ ತೊಂದ್ರೆ ಕೊಟ್ಟಿದೀನಿ, ಗೊತ್ತು. ಇವತ್ತು ಹೆಡ್‌ಫೋನ್ ತಂದಿದೀನಿ. ಇನ್ಮೇಲೆ ಗಿಟಾರ್ ಸದ್ದು ಒಂಚೂರೂ ಕೆಳಗೆ ಬರಲ್ಲ. ನೀವು ಅಷ್ಟು ಸಲ ಸೂರಿಗೆ ಹೊಡೆದ್ರೂ ನಾನು ಬುದ್ಧಿ ಕಲೀಲಿಲ್ಲ. ಹೋದ ವಾರಾನೇ ಬರೋಣ ಅಂದ್ಕೊಂಡೆ, ಆದ್ರೆ ಆಸ್ಪತ್ರೆ ಲಿಫ್ಟ್ ಕೆಟ್ಟು ನಿಂತಿತ್ತು, ಅದು ಸರಿಯಾಗೋ ಹೊತ್ತಿಗೆ ಇನ್ನೊಂದು..."

ಉಸಿರು ತೆಗೆದುಕೊಳ್ಳಲೂ ನಿಲ್ಲದ ಮನುಷ್ಯ. ಲಿಫ್ಟ್ ರಿಪೇರಿಯವನೆಂದು ಅಂಗಿಯ ಮೇಲಿನ ಕಂಪನಿಯ ಗುರುತು ಹೇಳುತ್ತಿತ್ತು. ಉಗುರಿನಂಚಿನಲ್ಲಿ ಗ್ರೀಸು. ನಗುವಾಗ ಎಡಗಣ್ಣು ಮಾತ್ರ ಚಿಕ್ಕದಾಗುತ್ತಿತ್ತು.

ನನ್ನ ಕೈಯಲ್ಲಿ ಆಗ ಮರದ ಕೊರಡಿತ್ತು. ಕೋಟು ಹೊಲಿಯುವವರ ಹತ್ತಿರ ಅದು ಇದ್ದೇ ಇರುತ್ತದೆ. ಹೊಲಿಗೆಯ ಮೇಲೆ ಇಸ್ತ್ರಿಯ ಹಬೆ ಬಿಟ್ಟು, ಕೊರಡಿನಿಂದ ಒಂದೇಟು ಹಾಕಿ, ಬಿಸಿ ಆರುವವರೆಗೆ ಒತ್ತಿ ಹಿಡಿಯಬೇಕು. ಆಗಲೇ ಹೊಲಿಗೆ ಕೂರುವುದು. ನಾನು ಹೊಡೆಯುತ್ತಿದ್ದದ್ದು ಮೇಜಿಗೆ, ಸೂರಿಗಲ್ಲ.

ಅದನ್ನು ಹೇಳಬಹುದಿತ್ತು. ಹೇಳಲಿಲ್ಲ. ಏಕೆಂದರೆ ಅದು ಪೂರ್ತಿ ನಿಜವೂ ಆಗಿರಲಿಲ್ಲ.

ಅವನು ಮೇಲಿನ ರೂಮಿಗೆ ಬಂದ ಮೊದಲ ವಾರ ಹೊಡೆದದ್ದು ಕೋಟಿಗೇ. ಎರಡನೇ ವಾರ ಒಂದು ವಿಷಯ ಗಮನಿಸಿದೆ: ನಾನು ಹೊಡೆದಾಗಲೆಲ್ಲ ಮೇಲೆ ಗಿಟಾರ್ ತಟ್ಟನೆ ನಿಲ್ಲುತ್ತಿತ್ತು. ಕೊನೆಯ ಸ್ವರ ಮಾತ್ರ ಸೂರಿನ ಹಲಗೆಗಳಲ್ಲಿ ಸ್ವಲ್ಪ ಹೊತ್ತು ಉಳಿಯುತ್ತಿತ್ತು. ಆಮೇಲೆ ಒಂದೇ ಒಂದು ಸ್ವರ, ಬರಲೋ ಬೇಡವೋ ಎಂದು ಸಂಕೋಚಪಡುತ್ತ ಬರುತ್ತಿತ್ತು. ಆ ಸಂಕೋಚದ ಸ್ವರ ನನಗೆ ಹಿಡಿಸಿಬಿಟ್ಟಿತು.

ಮೂರನೇ ವಾರ ಅತ್ತೆ ಕೇಳಿದ್ದಳು, "ಮೇಜಿನ ಮೇಲೆ ಕೋಟೇ ಇಲ್ವಲ್ಲೇ, ಏನನ್ನ ಹೊಡೀತಿದೀಯ?"

ಅತ್ತೆ ನನ್ನ ಅಪ್ಪನ ತಂಗಿ. ಒಳಕೋಣೆಯಲ್ಲಿ ಕೂತು ಗುಂಡಿ ಹಾಕುತ್ತಾಳೆ. ಬೇಕಾದದ್ದು ಕಿವಿಗೆ ಬೀಳುವುದಿಲ್ಲ, ಬೇಡವಾದದ್ದು ಒಂದೂ ತಪ್ಪುವುದಿಲ್ಲ.

ಹೆಡ್‌ಫೋನ್ ತಂದಿದೀನಿ ಎಂದು ಅವನು ಹೇಳಿದಾಗ ಬೇಡ ಎನ್ನಬೇಕೆನಿಸಿತು. ಆದರೆ ಹದಿನೈದನೇ ವಯಸ್ಸಿನಿಂದ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಕೆಲಸ ಮಾಡಿದವಳು ನಾನು. ಮಾತು ಹೊರಗೆ ಬರುವಷ್ಟರಲ್ಲಿ ಜನ ಹೊರಟುಹೋಗಿರುತ್ತಾರೆ.

"ಸರಿ," ಎಂದೆ, ಅಷ್ಟೇ.

*

ನಾಲ್ಕು ದಿನ ಸೂರು ಮೂಕವಾಗಿತ್ತು. ಅವನ ಹೆಜ್ಜೆ ಕೇಳಿಸುತ್ತಿತ್ತು, ಕುರ್ಚಿ ಎಳೆದದ್ದು ಕೇಳಿಸುತ್ತಿತ್ತು, ಗಿಟಾರ್ ಇಲ್ಲ. ನಾಲ್ಕನೇ ದಿನ ಒಂದು ಕೋಟಿನ ಎಡತೋಳನ್ನು ಬಲಗಡೆಗೆ ಕೂಡಿಸಿದೆ. ಇಪ್ಪತ್ತು ವರ್ಷದಲ್ಲಿ ಮೊದಲ ಸಲ.

ಅತ್ತೆ ಅದನ್ನು ಎತ್ತಿ ಹಿಡಿದು ನೋಡಿದಳು. "ಗಿರಾಕಿ ಹಿಂದೆ ಹಿಂದೆ ನಡ್ಕೊಂಡ್ಬಂದ್ರೆ ಸರಿಹೋಗುತ್ತೆ ಬಿಡು."

ಐದನೇ ದಿನ ಸಂಜೆ ಅವನು ಮತ್ತೆ ಬಂದ. ಈ ಸಲ ಕೈಯಲ್ಲಿ ಗಿಟಾರೇ ಇತ್ತು.

"ಒಂದು ವಿಚಿತ್ರ ವಿಷಯ," ಎಂದ. "ನಮ್ಮ ಬ್ಯಾಂಡಿನ ಯಜಮಾನ ಡ್ರಮ್ಮರು. ಹದಿನೈದು ದಿನದ ಹಿಂದೆ ಅವನು ನನ್ನ ಬೆನ್ನು ತಟ್ಟಿದ್ದ. 'ಆರು ವರ್ಷದಿಂದ ನೀನು ಓಡ್ತಾನೇ ಇದ್ದೆ ಮಾರಾಯ, ಈಗ ನಿಲ್ಲೋದು ಕಲ್ತಿದೀಯ' ಅಂತ. ನಿಧಾನ ಬ್ಲೂಸ್ ಸಂಗೀತದಲ್ಲಿ ಅದೇ ಅಲ್ವಾ ಮುಖ್ಯ? ಒಂದು ಮಾತು ಹೇಳಿ ನಿಲ್ಲಬೇಕು, ಕೇಳೋರು ಉಸಿರು ಬಿಡಬೇಕು, ಆಮೇಲೆ ಇನ್ನೊಂದು. ಹೆಡ್‌ಫೋನ್ ಹಾಕ್ಕೊಂಡ ಮೇಲೆ ಮತ್ತೆ ಹಳೇ ಓಟ ಶುರುವಾಗಿದೆಯಂತೆ. ಇನ್ನು ಮೂರು ವಾರಕ್ಕೆ, ಭಾನುವಾರ, ಕಾರ್ಯಕ್ರಮ ಇದೆ. ಅಷ್ಟರಲ್ಲಿ ಸರಿಹೋಗದಿದ್ರೆ, ನಡುವೆ ಒಬ್ಬನೇ ಬಾರಿಸೋ ಸೋಲೋ ಕೀಬೋರ್ಡಿನವನಿಗೆ ಹೋಗುತ್ತೆ. ಆರು ವರ್ಷ ಕಾದಿದೀನಿ ಆ ಒಂದು ಸೋಲೋಗೆ."

ಒಂದು ಕ್ಷಣ ನಿಂತ. ಎಡಗಣ್ಣು ಚಿಕ್ಕದಾಯಿತು.

"ದಯವಿಟ್ಟು ಮತ್ತೆ ಹೊಡೀರಿ."

"ಕೋಟಿದ್ರೆ ಹೊಡೀತೀನಿ," ಎಂದೆ.

"ಇಲ್ದಿದ್ರೂ ಹೊಡೀತಾಳೆ!" ಒಳಕೋಣೆಯಿಂದ ಅತ್ತೆ ಕೂಗಿದಳು.

ಅವನು ನನ್ನ ಮುಖ ನೋಡಿದ. ನಾನು ಇಸ್ತ್ರಿಪೆಟ್ಟಿಗೆಯನ್ನು ಬಹಳ ಆಸಕ್ತಿಯಿಂದ ನೋಡಿದೆ.

*

ಅಂದಿನಿಂದ ಆರು ಗಂಟೆಗೆ ಅಂಗಡಿ ಮುಚ್ಚಿದ ಮೇಲೆ ಅವನು ಸಣ್ಣದೊಂದು ಆಂಪ್ಲಿಫೈಯರ್ ಹೊತ್ತು ಕೆಳಗಿಳಿಯತೊಡಗಿದ. ಕತ್ತರಿಸುವ ಮೇಜಿನ ಒಂದು ತುದಿಯಲ್ಲಿ ಅವನು, ಇನ್ನೊಂದು ತುದಿಯಲ್ಲಿ ನಾನು.

"ನನಗೆ ಗಿಟಾರ್ ಗೊತ್ತಿಲ್ಲ," ಎಂದು ಮೊದಲ ದಿನವೇ ಹೇಳಿದೆ.

"ಬಟ್ಟೆ ಗೊತ್ತಲ್ಲ. ಅದ್ರಲ್ಲೇ ಹೇಳಿ," ಎಂದು ಒಂದು ಸಾಲು ಬಾರಿಸಿದ.

"ಹಾಗಾದ್ರೆ ಈ ಸದ್ದು ದಪ್ಪ ಕಂಬಳಿ ಥರ ಇದೆ. ಒಳಗಡೆ ಯಾರಿದಾರೆ ಅಂತಾನೇ ಗೊತ್ತಾಗಲ್ಲ."

ಅವನು ಆಂಪ್ಲಿಫೈಯರಿನ ಒಂದು ಗುಂಡಿ ತಿರುಗಿಸಿದ, ಇನ್ನೊಂದನ್ನು ತಗ್ಗಿಸಿದ. ಕರಕರ ಎನ್ನುತ್ತಿದ್ದ ಸದ್ದು ಇಳಿಯಿತು. ಆಮೇಲೆ ತಂತಿಯನ್ನು ಬುಡದ ಹತ್ತಿರ ಮೀಟುವುದು ಬಿಟ್ಟು, ಗಿಟಾರಿನ ಕುತ್ತಿಗೆಯ ಕಡೆಗೆ ಕೈ ಸರಿಸಿ ಮೆತ್ತಗೆ ಮೀಟಿದ. ಸ್ವರ ದುಂಡಗೆ, ಬೆಚ್ಚಗೆ ಬಂತು.

"ಇದು?"

"ಇದು ಉಟ್ಟು ಒಗೆದು ಮೆತ್ತಗಾದ ಹತ್ತಿಬಟ್ಟೆ. ಇದನ್ನೇ ಇಟ್ಕೊಳ್ಳಿ."

ಅವನು ತಂತಿಯನ್ನು ಪಕ್ಕಕ್ಕೆ ಎಳೆದು ಸ್ವರವನ್ನು ಮೇಲಕ್ಕೇರಿಸುತ್ತಿದ್ದ. ಏರಿಸಿದ ಕೂಡಲೇ ಬೆರಳು ಗಡಗಡ ನಡುಗಿಸುತ್ತಿದ್ದ.

"ಯಾಕಷ್ಟು ಅವಸರ? ದಾರ ಎಳೆಯೋ ಹಾಗೆ ಎಳೀರಿ. ತಲುಪಿದ ಮೇಲೆ ಅಲ್ಲೇ ಇರಿ. ನಡುಗಲೇಬೇಕು ಅಂತಿದ್ರೆ ಆಮೇಲೆ, ನಿಧಾನಕ್ಕೆ."

"ಅಲ್ಲೇ ಇರೋಕೆ ಭಯ ಆಗುತ್ತೆ."

"ಯಾಕೆ?"

"ಅಲ್ಲಿದ್ರೆ ಎಲ್ಲರಿಗೂ ನಾನು ಕೇಳಿಸ್ತೀನಿ." ಮೊದಲ ಬಾರಿಗೆ ಅವನ ಮಾತು ಇಷ್ಟು ಚಿಕ್ಕದಾಗಿತ್ತು.

ಆಮೇಲೆ ಅದೇ ಸ್ವರವನ್ನು ಇನ್ನೊಮ್ಮೆ ಎಳೆದ.

ಇನ್ನೊಂದು ದಿನ ಕೇಳಿದೆ, "ಬಾರಿಸೋ ಮುಂಚೆ ಅದು ಮನಸ್ಸಲ್ಲಿ ಇರುತ್ತಾ?"

"ಇಲ್ಲ, ಬೆರಳು ಹೋದ ಕಡೆ ಹೋಗುತ್ತೆ."

"ಅಳತೆ ತಗೊಳ್ದೇನೇ ಕತ್ತರಿ ಹಾಕ್ತೀರಾ? ಮೊದಲು ಗುನುಗಿ. ಗುನುಗೋಕೆ ಬರದೇ ಇರೋದನ್ನ ಬಾರಿಸಬೇಡಿ."

ಅವನು ಗುನುಗಿದ. ದನಿ ಸ್ವಲ್ಪ ಬಿರುಕು ಬಿಟ್ಟಿತ್ತು. ಐದಾರು ಸ್ವರಕ್ಕೆ ಉಸಿರು ಮುಗಿಯಿತು. ಗಿಟಾರಿನ ಸಾಲೂ ಅಲ್ಲಿಗೇ ನಿಂತಿತು. ಎಲ್ಲಿ ಉಸಿರು ಬೇಕೋ ಅಲ್ಲೇ ಬಿಡುವು. ಕೊರಡನ್ನು ಎತ್ತಿದ ನನ್ನ ಕೈ ಗಾಳಿಯಲ್ಲೇ ಉಳಿಯಿತು.

"ಹೊಡೀಲಿಲ್ಲ ನೀವು," ಎಂದ ಆಶ್ಚರ್ಯದಿಂದ.

"ಬೇಕಾಗಲಿಲ್ಲ."

ಹೇಳಿದ ಮೇಲೆ ಹೊಳೆಯಿತು: ಇವನು ಪೂರ್ತಿ ಕಲಿತ ದಿನ ಈ ಮೇಜಿನ ಆ ತುದಿ ಖಾಲಿಯಾಗುತ್ತದೆ. ನಾನೇ ಕಲಿಸುತ್ತಿದ್ದೇನೆ, ನನ್ನ ಕೈಯಾರೆ.

ಹೊರಡುವಾಗ ಅವನು ಒಳಗೆ ಇಣುಕಿ, "ಬರ್ತೀನಿ ಅತ್ತೆ," ಎಂದ, ನಾನು ಕರೆಯುವುದನ್ನು ಕೇಳಿ ಕೇಳಿ.

"ಇಷ್ಟು ಬೇಗ ಅತ್ತೆ ಮಾಡ್ಕೊಂಡ್ಯಾ?" ಎಂದಳು ಅತ್ತೆ.

ಅವನು ಮೆಟ್ಟಿಲು ಎಡವಿದ ಸದ್ದು ಕೇಳಿಸಿತು.

*

ಕಾರ್ಯಕ್ರಮದ ಭಾನುವಾರ ಮಧ್ಯಾಹ್ನ. ಲೈಬ್ರರಿ ಪಕ್ಕದ ಸಭಾಂಗಣ, ಮಡಚುವ ಕುರ್ಚಿಗಳು, ಎಂಬತ್ತು ಜನ ಇದ್ದರೇನೋ. ನಾನೂ ಅತ್ತೆಯೂ ಹಿಂದಿನ ಸಾಲಿನಲ್ಲಿ ಕೂತೆವು. ಅವನು ತೊಟ್ಟಿದ್ದ ಕೋಟು ನಾನು ಹೊಲಿದದ್ದು. ಎರಡು ತೋಳೂ ಸರಿಯಾಗಿದ್ದವು.

ಅವನ ಸರದಿ ಬಂತು. ಡ್ರಮ್ಮು ನಿಧಾನಕ್ಕೆ ನಡೆಯುತ್ತಿತ್ತು. ಅವನು ನಾಲ್ಕೇ ಸ್ವರ ಬಾರಿಸಿದ, ಕೊನೆಯದನ್ನು ದಾರದಂತೆ ಎಳೆದ, ತಲುಪಿದ, ಅಲ್ಲೇ ಇದ್ದ. ಮತ್ತೆ ಅದೇ ನಾಲ್ಕು, ಕೊನೆಯಲ್ಲಿ ಒಂದಿಷ್ಟು ಬೇರೆ, ಕೇಳಿದ ಪ್ರಶ್ನೆಯನ್ನೇ ಇನ್ನೊಮ್ಮೆ ಮೆಲ್ಲಗೆ ಕೇಳಿದ ಹಾಗೆ. ಆಮೇಲೆ ಕೈ ತೆಗೆದುಬಿಟ್ಟ.

ಎಷ್ಟು ದೊಡ್ಡ ಬಿಡುವು! ಸಭಾಂಗಣದಲ್ಲಿ ಒಬ್ಬರೂ ಕೆಮ್ಮಲಿಲ್ಲ. ನನ್ನ ಕೈ ತನ್ನಷ್ಟಕ್ಕೇ ತೊಡೆಯಿಂದ ಮೇಲೆದ್ದಿತ್ತು. ಅವನ ತಲೆ ನಮ್ಮ ಸಾಲಿನ ಕಡೆಗೆ ತಿರುಗಿತ್ತು. ಆಮೇಲೆ ಆ ಸಂಕೋಚದ ಸ್ವರ ಬಂತು.

ಜನ ಎದ್ದು ಚಪ್ಪಾಳೆ ಹೊಡೆದರು. ನಾನೂ ಹೊಡೆದೆ. ನನ್ನ ಕೊರಡು ಇನ್ನು ಕೋಟಿಗೆ ಮಾತ್ರ ಎಂದುಕೊಂಡೆ. ಅವನ ಸುತ್ತ ಜನ ಮುತ್ತಿದ್ದರು. ಅತ್ತೆಯ ಕೈ ಹಿಡಿದು ಹೊರಬಂದೆ.

*

ಸೋಮವಾರ ಆರಕ್ಕೆ ಬಾಗಿಲು ತೆರೆಯಿತು. ಆಂಪ್ಲಿಫೈಯರ್ ಇಲ್ಲ, ಗಿಟಾರ್ ಇಲ್ಲ, ಮನುಷ್ಯ ಮಾತ್ರ.

"ಇನ್ಮೇಲೂ ಸೋಲೋ ನನಗೇ ಅಂತೆ. ಡ್ರಮ್ಮರು ಅತ್ತೇಬಿಟ್ಟ. ನೀವು ಯಾಕೆ ಹೋಗ್ಬಿಟ್ರಿ? ಹುಡುಕಿದೆ. ಕೋಟು ಚೆನ್ನಾಗಿದೆ ಅಂತ ಕೀಬೋರ್ಡಿನವನು ಅಂದ, ಅವನಿಗೂ ಒಂದು ಬೇಕಂತೆ. ಆ ಹಾಲ್‌ನಲ್ಲಿ ಮೈಕು ಸ್ವಲ್ಪ ಗೊರಗೊರ ಅಂತಿತ್ತು, ನಾನೇನು ಅಂದ್ಕೊಂಡೆ ಅಂದ್ರೆ, ಕೇಬಲ್..."

ಕೊರಡು ಎತ್ತಿ, ಮೇಜಿನ ಮೇಲಿದ್ದ ಕೋಟಿನ ಬಿಸಿ ಹೊಲಿಗೆಗೆ ಹೊಡೆದೆ.

ಅವನು ನಿಂತ.

ಇಸ್ತ್ರಿಯ ಹಬೆ ನಮ್ಮಿಬ್ಬರ ನಡುವೆ ಏರಿ ಕರಗಿತು.

"ನಿನ್ನೆಯ ಆ ಬಿಡುವು ನಿಮ್ಮದು," ಎಂದ. "ನಿಮ್ಮ ಏಟಿಗೆ ಅಂತಾನೇ ಬಿಟ್ಟಿದ್ದೆ." ಸ್ವಲ್ಪ ತಡೆದು, "ನನಗೆ ನೀವು ಬೇಕು," ಎಂದ.

ಮತ್ತೇನೂ ಸೇರಿಸಲಿಲ್ಲ. ಕಾದ.

ನನ್ನ ಬಾಯಲ್ಲಿ ಐದು ಗುಂಡುಸೂಜಿಗಳಿದ್ದವು. ಕಾಲ ಸರಿಯುತ್ತಿತ್ತು. ಅವನ ಎಡಗಣ್ಣು ನಗುತ್ತಿರಲಿಲ್ಲ. ಎರಡೂ ಕಣ್ಣು ನನ್ನ ಮೇಲಿದ್ದವು.

ಒಳಕೋಣೆಯಲ್ಲಿ ಅತ್ತೆ ಕತ್ತರಿಯ ಹಿಡಿಯಿಂದ ಮಣೆಯ ಮೇಲೆ ಜೋರಾಗಿ ಒಂದೇಟು ಹೊಡೆದಳು.

ಸೂಜಿಗಳನ್ನು ಒಂದೊಂದಾಗಿ ತೆಗೆದು ಸೂಜಿದಿಂಬಿಗೆ ಚುಚ್ಚಿದೆ. ಐದಕ್ಕೂ ಅವನು ಕಾದ.

"ಹೆಡ್‌ಫೋನ್ ತಂದ ದಿನ 'ಸರಿ' ಅಂದಿದ್ದೆ," ಎಂದೆ. "ಅದು ಸುಳ್ಳು. ನಿನ್ನ ಸದ್ದಿಲ್ದೆ ಇದ್ರೆ ನನಗೆ ಒಂದು ತೋಳು ಕೂಡಿಸೋಕೂ ಬರಲ್ಲ ಕಣೋ."

ಏನೋ ಹೇಳಲು ಅವನ ಬಾಯಿ ತೆರೆಯಿತು. ಮುಚ್ಚಿತು. ಚೆನ್ನಾಗಿಯೇ ಕಲಿತಿದ್ದ. ಮೇಜು ಸುತ್ತಿ ಈ ತುದಿಗೆ ಬಂದು, ಕೊರಡು ಹಿಡಿದಿದ್ದ ನನ್ನ ಕೈಯ ಮೇಲೆ ತನ್ನ ಕೈ ಇಟ್ಟ.

ಕೊರಡಿನ ಕೆಳಗಿನ ಹೊಲಿಗೆ ಇನ್ನೂ ಬಿಸಿಯಾಗಿತ್ತು. ಅದು ಆರುವವರೆಗೆ ಇಬ್ಬರೂ ಒತ್ತಿ ಹಿಡಿದೆವು.