ಜಾಗ ಹಿಡಿದಿಟ್ಟ ಟಿಶ್ಯೂ ಪೊಟ್ಟಣ

"ಎಕ್ಸ್‌ಕ್ಯೂಸ್ ಮಿ, ಅದು ನನ್ನ ಸೀಟು."

ಪ್ರಣತಿ ತಲೆ ಎತ್ತಿದಳು. ಹಸಿರು ಮಿಲಿಟರಿ ಬಟ್ಟೆ ತೊಟ್ಟ ಹುಡುಗನೊಬ್ಬ ಕೈಯಲ್ಲಿ ಊಟದ ಟ್ರೇ ಹಿಡಿದು ನಿಂತಿದ್ದ. ಬಿಸಿಲಿಗೆ ಕಪ್ಪಾದ ಮುಖ, ಬೋಳಿಸಿದ ತಲೆ, ಹಸಿದ ಕಣ್ಣು.

ವುಡ್‌ಲ್ಯಾಂಡ್ಸ್‌ನ ಹಾಕರ್ ಸೆಂಟರ್, ಒಂದೇ ಸೂರಿನಡಿ ಹತ್ತಾರು ಊಟದಂಗಡಿಗಳಿರುವ ಜಾಗ, ಮಧ್ಯಾಹ್ನದ ಹೊತ್ತಿಗೆ ತುಂಬಿ ಹೋಗಿತ್ತು. ಮೈಸೂರಿನಿಂದ ಅಪ್ಪನ ಕೆಲಸದ ಹಿಂದೆ ಸಿಂಗಪುರಕ್ಕೆ ಬಂದು ಅವಳಿಗೆ ಇನ್ನೂ ವಾರವೂ ಕಳೆದಿರಲಿಲ್ಲ. ಎಲ್ಲ ಮೇಜಿಗೂ ಜನ, ಒಂದೇ ಒಂದು ಖಾಲಿ ಸ್ಟೂಲು ಕಂಡಿತ್ತು, ಕೂತಿದ್ದಳು. ನೂಡಲ್ಸಿನ ಖಾರ ನೆತ್ತಿಗೇರಿ ಮೂಗು ಸೋರುತ್ತಿತ್ತು. ಪುಣ್ಯಕ್ಕೆ ಮೇಜಿನ ಮೇಲೆ ಯಾರೋ ಟಿಶ್ಯೂ ಪೊಟ್ಟಣ ಬಿಟ್ಟು ಹೋಗಿದ್ದರು...

'ಜಾಗಕ್ಕೆ ಇವನ ಹೆಸರು ಬರೆದಿದ್ಯಾ?' ಎಂದು ಅವಳು ಕನ್ನಡದಲ್ಲೇ ಗೊಣಗಿಕೊಂಡಳು.

"ಹೆಸರು ಬರೆದಿಲ್ಲ ರೀ," ಎಂದ ಅವನು, ಅಚ್ಚ ಕನ್ನಡದಲ್ಲಿ. "ಟಿಶ್ಯೂ ಇಟ್ಟಿದ್ದೆ. ಅದರಲ್ಲಿ ನೀವು ಮೂಗು ಒರೆಸ್ಕೊಂಡ್ರಿ."

ಭೂಮಿ ಬಾಯಿಬಿಡಬಾರದೇ ಅನ್ನಿಸಿತು ಅವಳಿಗೆ!

ಅವನು ಮಾತ್ರ ನಕ್ಕುಬಿಟ್ಟ. ಪಕ್ಕದಲ್ಲಿ ನಿಂತೇ ಉಂಡ. ಉಣ್ಣುತ್ತಲೇ ಈ ಊರಿನ ಪದ್ಧತಿ ಹೇಳಿಕೊಟ್ಟ. ಇಲ್ಲಿ ಊಟ ತರಲು ಹೋಗುವವರು ಮೇಜಿನ ಮೇಲೆ ಒಂದು ಟಿಶ್ಯೂ ಪೊಟ್ಟಣ ಇಟ್ಟು ಹೋಗುತ್ತಾರೆ. ಅದಿದ್ದರೆ ಆ ಜಾಗಕ್ಕೆ ಯಾರೋ ಬರುವವರಿದ್ದಾರೆ ಅಂತ ಅರ್ಥ. ಎಷ್ಟೇ ಜನ ಇರಲಿ, ಯಾರೂ ಮುಟ್ಟುವುದಿಲ್ಲ.

ಹಾಗೆ ಸಿಕ್ಕವನು ನವನೀತ್. ಸಿಂಗಪುರದಲ್ಲೇ ಬೆಳೆದ ಕನ್ನಡದ ಹುಡುಗ, ಆಗ ಇಲ್ಲಿನ ಹುಡುಗರೆಲ್ಲ ಮಾಡಲೇಬೇಕಾದ ಸೈನ್ಯದ ಸೇವೆಯಲ್ಲಿದ್ದ. ಅವರ ಮನೆ ಪ್ರಣತಿಯ ಮನೆಯಿಂದ ಕೂಗಳತೆ ದೂರ. ಅವಳ ಅಮ್ಮ ರೇಣುಕಾಗೂ ನವನೀತನ ತಾಯಿ ಪದ್ಮಿನಿಗೂ ಸಾರಿನಪುಡಿಯ ನೆಂಟಸ್ತಿಕೆ ಬೆಳೆಯಿತು.

ಆದರೆ ಆ ಮನೆಯಲ್ಲಿ ಅವಳನ್ನು ಎಲ್ಲರಿಗಿಂತ ಹಚ್ಚಿಕೊಂಡವರು ಅವನ ತಂದೆ ದ್ವಾರಕನಾಥ್. ಟುವಾಸ್‌ನ ಫ್ಯಾಕ್ಟರಿಯೊಂದರಲ್ಲಿ ಇಂಜಿನಿಯರ್. ಮೂಗು ಒರೆಸಿಕೊಂಡ ಕಥೆ ಕೇಳಿ ಹೊಟ್ಟೆ ಹಿಡಿದು ನಕ್ಕವರು ಅಂದಿನಿಂದ ಅವಳಿಗೆ ಟಿಶ್ಯೂ ಅಂತಲೇ ಹೆಸರಿಟ್ಟರು. ಬಾಗಿಲ ಸದ್ದಾದರೆ ಸಾಕು, 'ಪದ್ಮಿನೀ, ಟಿಶ್ಯೂ ಬಂದ್ಲು ನೋಡು, ಉಪ್ಪಿಟ್ಟಿಗೆ ಇನ್ನೊಂದು ತಟ್ಟೆ.'

ಒಮ್ಮೆ ಅವರು ಹೇಳಿದ್ದರು, "ಈ ಊರಲ್ಲಿ ಯಾರೂ ಬಾಯಿಬಿಟ್ಟು ಕೇಳಲ್ಲಮ್ಮ. ಏನಾದ್ರೂ ಇಟ್ಟು ತೋರಿಸ್ತಾರೆ. ನೋಡೋದು ಕಲೀಬೇಕು."

ಅವಳು ನಕ್ಕು ತಲೆಯಾಡಿಸಿದ್ದಳು. ಕಲಿಯಲಿಲ್ಲ.

---

2014ರಲ್ಲಿ ಅವಳಿಗೆ ಇಂಗ್ಲೆಂಡಿನ ಯಾರ್ಕ್‌ನಲ್ಲಿ ಹಳೆಯ ಕಟ್ಟಡಗಳ ಸಂರಕ್ಷಣೆ ಓದಲು ಸೀಟು ಸಿಕ್ಕಿತು. ಅಷ್ಟರಲ್ಲಿ ನವನೀತ್ ಅವಳ ದಿನದ ಒಂದು ಭಾಗವೇ ಆಗಿದ್ದ. ಆದರೆ ಒಂದು ದಿನವೂ ಇಬ್ಬರೂ ಬಾಯಿಬಿಟ್ಟು ಏನೂ ಹೇಳಿಕೊಂಡಿರಲಿಲ್ಲ.

ಚಾಂಗಿ ಏರ್‌ಪೋರ್ಟಿಗೆ ಅವನು ಬಂದ. ಅಪ್ಪ ಅಮ್ಮ ಲಗೇಜ್ ತೂಕ ಮಾಡಿಸುತ್ತಿದ್ದಾಗ ಇಬ್ಬರೇ ಒಂದು ಕಡೆ ನಿಂತರು.

'ಏನಾದರೂ ಹೇಳು... ಒಂದೇ ಒಂದು ಮಾತು... ಹೋಗಬೇಡ ಅಂದರೂ ಸರಿ, ಹೋಗಿ ಬಾ ನಾನಿದ್ದೀನಿ ಅಂದರೂ ಸರಿ...' ಎಂದು ಅವಳು ಒಳಗೊಳಗೇ ಬೇಡಿಕೊಂಡಳು.

ಅವನು ಗಂಟಲು ಸರಿಮಾಡಿಕೊಂಡ.

"ಪುಂಗೋಲ್‌ನಲ್ಲಿ ಹೊಸ ಫ್ಲ್ಯಾಟ್ಸ್ ಬರ್ತಿವೆ. ಅಪ್ಲೈ ಮಾಡೋಣ್ವಾ?"

ಫ್ಲ್ಯಾಟು! ಈ ಹೊತ್ತಿನಲ್ಲಿ ಇವನಿಗೆ ಫ್ಲ್ಯಾಟಿನ ಚಿಂತೆ!

"ನನಗ್ಯಾಕಪ್ಪ ಫ್ಲ್ಯಾಟು?" ಎಂದಳು ಪ್ರಣತಿ, ಬಂದ ಅಳುವನ್ನು ನಗೆಯಲ್ಲಿ ಮುಚ್ಚಿ. "ನಾನು ಯೂರೋಪ್ ನೋಡ್ಬೇಕು. ನೀನು ಅಪ್ಲೈ ಮಾಡ್ಕೋ ಹೋಗು."

ಅವನ ಮುಖದಲ್ಲಿ ಏನೋ ಆರಿಹೋಯಿತು. ಅವಳು ನೋಡಲಿಲ್ಲ, ಪಾಸ್‌ಪೋರ್ಟ್ ಹುಡುಕುವ ನೆಪದಲ್ಲಿ ಬ್ಯಾಗಿಗೆ ತಲೆ ತೂರಿಸಿದ್ದಳು.

ಓದುವ ನಿಮಗೆ ಇದನ್ನು ಈಗಲೇ ಹೇಳಿಬಿಡಬೇಕು. ಸಿಂಗಪುರದಲ್ಲಿ ಸರ್ಕಾರ ಕಟ್ಟಿಸುವ ಹೊಸ ಮನೆಗಳಿಗೆ ಆ ವಯಸ್ಸಿನ ಹುಡುಗ ಒಂಟಿಯಾಗಿ ಅರ್ಜಿ ಹಾಕುವ ಹಾಗಿಲ್ಲ. ಮದುವೆಯಾಗುವ ಜೋಡಿ ಕೂಡಿಯೇ ಹಾಕಬೇಕು. ಮನೆ ಕಟ್ಟಿ ಮುಗಿಯಲು ವರ್ಷಗಳು ಬೇಕು, ಅದಕ್ಕೇ ಓದು ಮುಗಿಯುವ ಮೊದಲೇ ಹಾಕಿಡುತ್ತಾರೆ. ಹಾಗಾಗಿ ಅಲ್ಲಿ ಬೆಳೆದ ಹುಡುಗರು ಉಂಗುರ ಹಿಡಿದು ಮಂಡಿಯೂರುವುದಿಲ್ಲ. ಫ್ಲ್ಯಾಟ್ ಅಪ್ಲೈ ಮಾಡೋಣ್ವಾ ಅನ್ನುತ್ತಾರೆ. ಅದೇ ಅವರ 'ನನ್ನನ್ನು ಮದುವೆಯಾಗ್ತೀಯಾ'.

ಅವಳು ಕಾಯುತ್ತಿದ್ದ ಮಾತನ್ನೇ ಅವನು ಹೇಳಿದ್ದ. ಅವಳು ನಕ್ಕು ವಿಮಾನ ಹತ್ತಿದಳು.

---

ಯಾರ್ಕ್ ಅವಳಿಗೆ ಬಹಳ ಹಿಡಿಸಿತು. ಊರ ಸುತ್ತ ಹಳೆಯ ಕಲ್ಲಿನ ಗೋಡೆ, ಅದರ ಮೇಲೆ ನಡೆದುಕೊಂಡೇ ಕಾಲೇಜಿಗೆ ಹೋಗಬಹುದು. ಶತಮಾನಗಳ ಹಿಂದಿನ ಸುಣ್ಣದ ಗಾರೆಯನ್ನು ಹೇಗೆ ಕೆರೆದು ನೋಡಬೇಕು, ಬಿರುಕು ಬಿಟ್ಟ ಗೋಡೆಯನ್ನು ಹೇಗೆ ನೋಯಿಸದೆ ಕೂಡಿಸಬೇಕು ಎಂದು ಕಲಿಸುತ್ತಿದ್ದರು. ನಾಲ್ಕು ಗಂಟೆಗೇ ಕತ್ತಲಾಗುವ ಚಳಿಗಾಲ ಮಾತ್ರ ಅವಳನ್ನು ಹಣ್ಣು ಮಾಡಿತು.

ರಜೆ ಬಂದಾಗಲೆಲ್ಲ ಚೀಲ ಬೆನ್ನಿಗೇರಿಸಿ ಹೊರಟಳು. ಬ್ರೂಜ್‌ನ ಕಾಲುವೆ, ವೆನಿಸ್‌ನ ದೋಣಿ, ಪ್ಯಾರಿಸ್‌ನ ಛಾವಣಿಗಳು. ಬ್ರೆಡ್ಡಿಗೆ ಅಮ್ಮನ ಚಟ್ನಿಪುಡಿ ಹಚ್ಚಿ ಸೇತುವೆಗಳ ಮೇಲೆ ಕೂತು ತಿಂದಳು. ಎಲ್ಲಿ ಹೋದರೂ ಮೊದಲ ಫೋಟೋ ನವನೀತನಿಗೆ.

ಮೊದಮೊದಲು ಅವನು 'ಚೆನ್ನಾಗಿದೆ' ಎನ್ನುತ್ತಿದ್ದ. ಆಮೇಲೆ ಬರೀ ಮೇಲೆತ್ತಿದ ಹೆಬ್ಬೆರಳಿನ ಚಿತ್ರ. ಆಮೇಲೆ ಅದೂ ನಿಂತಿತು.

'ನಾನು ಸುತ್ತೋದು ಕಂಡು ಹೊಟ್ಟೆಕಿಚ್ಚೇನೋ... ಇಲ್ಲ, ಬೇರೆ ಯಾರಾದರೂ ಸಿಕ್ಕಿರಬೇಕು...' ಎಂದು ಮುನಿಸಿಕೊಂಡಳು. ಮುನಿಸಿಕೊಂಡೇ ಓದು ಮುಗಿಸಿದಳು. ಅಲ್ಲೇ ಕೆಲಸ ಸಿಕ್ಕಿತು, ಉಳಿದಳು. ಅವಳು ಕಳಿಸಿದ ಒಂದೊಂದು ಊರೂ ಅವನಿಗೆ 'ನೀನು ಬೇಡ, ಯೂರೋಪ್ ಬೇಕು' ಎಂಬ ಅದೇ ಉತ್ತರವನ್ನು ಮತ್ತೆ ಮತ್ತೆ ಓದಿಸುತ್ತಿತ್ತು ಎಂದು ಅವಳಿಗೆ ಹೇಗೆ ಗೊತ್ತಾಗಬೇಕು?

ಗೊತ್ತಾಗಿದ್ದು ವಿಯೆನ್ನಾದಿಂದ ಪ್ರಾಗ್‌ಗೆ ಹೋಗುವ ರೈಲಿನಲ್ಲಿ. ಜೊತೆಗಿದ್ದವಳು ಹುಯಿಮಿನ್, ಯಾರ್ಕ್‌ನಲ್ಲಿ ಓದುತ್ತಿದ್ದ ಸಿಂಗಪುರದ ಚೀನೀ ಹುಡುಗಿ. ಕಿಟಕಿಯಾಚೆ ಸಾಸಿವೆ ಹೊಲ ಹಳದಿಯಾಗಿ ಓಡುತ್ತಿತ್ತು. ಹುಯಿಮಿನ್ ತನ್ನ ಹುಡುಗನ ಮೆಸೇಜು ನೋಡಿ ನಗುತ್ತಾ, ಫ್ಲ್ಯಾಟ್ ಅಪ್ಲೈ ಮಾಡೋಣ್ವಾ ಅಂತ ಕೇಳಿದ್ದಾನೆ, ಆಯ್ತು ಅಂತ ಬರೆದೆ ಎಂದಳು. ಪ್ರಣತಿ, ಅದರಲ್ಲಿ ನಗೋದೇನಿದೆ ಎಂದಳು. ಹುಯಿಮಿನ್ ಅವಳನ್ನು ಪೆದ್ದಿಯನ್ನು ನೋಡುವ ಹಾಗೆ ನೋಡಿದಳು. ನಮ್ಮ ಹುಡುಗರ ಪ್ರಪೋಸಲ್ ಇಷ್ಟೇ ಕಣೇ, ಹೂವಿಲ್ಲ, ಉಂಗುರವಿಲ್ಲ, ಒಂದು ಫ್ಲ್ಯಾಟು ಎಂದಳು.

ಪ್ರಣತಿಯ ಕೈಯಲ್ಲಿದ್ದ ಬ್ರೆಡ್ಡು ಕೈಯಲ್ಲೇ ಉಳಿಯಿತು.

'ನೀನು ಅಪ್ಲೈ ಮಾಡ್ಕೋ ಹೋಗು...' ಅಂದಿದ್ದೆನಲ್ಲ. ನಗುತ್ತಾ ಅಂದಿದ್ದೆನಲ್ಲ...

ಪ್ರಾಗ್‌ನಲ್ಲಿ ಅವಳು ಏನೂ ನೋಡಲಿಲ್ಲ. ಯಾರ್ಕ್‌ಗೆ ಮರಳಿ ನವನೀತನಿಗೆ ಫೋನ್ ಮಾಡುತ್ತೇನೆ, ಎಲ್ಲ ಹೇಳುತ್ತೇನೆ ಎಂದುಕೊಂಡಳು. ಮರಳುವಷ್ಟರಲ್ಲಿ ಅಮ್ಮನ ಫೋನು ಬಂತು. ದ್ವಾರಕನಾಥ್ ಅಂಕಲ್ ಆಸ್ಪತ್ರೆಯಲ್ಲಿದ್ದಾರಂತೆ, ಹೃದಯ ಸೋತಿದೆಯಂತೆ.

ಈಗ ಹೇಗೆ ಮಾತಾಡಲಿ? ಅಷ್ಟು ದೊಡ್ಡ ಮಾತಿಗೆ ನಕ್ಕವಳು ಯಾವ ಮುಖ ಇಟ್ಟುಕೊಂಡು 'ಅಂಕಲ್ ಹೇಗಿದ್ದಾರೆ' ಅನ್ನಲಿ? ನಾಳೆ ಮಾಡೋಣ ಎಂದಳು. ನಾಳೆಯೂ ನಾಳೆ ಎಂದಳು. ನಾಚಿಕೆಗೆ ಎಷ್ಟು ನಾಳೆಗಳು ಬೇಕಾದರೂ ಸಿಗುತ್ತವೆ. ಆ ಮನುಷ್ಯನಿಗೆ ಇರಲಿಲ್ಲ. ಅವರು ಹೋದರು. ಅವಳು ನವನೀತನಿಗೆ ಎರಡು ಸಾಲಿನ ಸಂತಾಪ ಬರೆದು ಕಳಿಸಿದಳು, ಆಫೀಸಿನವರು ಬರೆಯುವ ಹಾಗೆ.

ಉತ್ತರ ಬರಲಿಲ್ಲ.

---

2018ರಲ್ಲಿ ಅವಳು ಸಿಂಗಪುರಕ್ಕೆ ವಾಪಸು ಬಂದಳು. ನವನೀತ್ ಚಾಂಗಿ ಬಿಸಿನೆಸ್ ಪಾರ್ಕಿನಲ್ಲಿ ಕೆಲಸ ಮಾಡುತ್ತಾನೆ, ಇನ್ನೂ ಮದುವೆಯಾಗಿಲ್ಲ, ಕೇಳಿದರೆ ಮಾತು ಮರೆಸುತ್ತಾನೆ ಎಂದು ಅಮ್ಮ ದೋಸೆ ಮಗುಚುತ್ತಾ ಹೇಳಿದರು.

ಮರುದಿನ ಅವಳು ಒಬ್ಬಳೇ ಪುಂಗೋಲ್‌ಗೆ ಹೋದಳು. ಆ ಕಟ್ಟಡಗಳು ಎದ್ದು ನಿಂತಿದ್ದವು. ಹೊಸ ಬಣ್ಣ, ಕಟ್ಟಡದ ಕೆಳಗಿನ ತೆರೆದ ಅಂಗಳದಲ್ಲಿ ಮಕ್ಕಳ ಸೈಕಲ್ಲುಗಳು. ಕಿಟಕಿಕಿಟಕಿಗೂ ಬಿದಿರು ಕೋಲಿನ ಮೇಲೆ ಒಣಗುವ ಬಟ್ಟೆ... ಯಾರದೋ ಗಂಡನ ಅಂಗಿ, ಯಾರದೋ ಕೂಸಿನ ಪುಟ್ಟ ಕಾಲ್ಚೀಲ. ಇದರಲ್ಲಿ ನಮ್ಮ ಕಿಟಕಿ ಯಾವುದಾಗಬಹುದಿತ್ತು?

ನಾಲ್ಕು ವರ್ಷ ಬೇರೆಯವರ ಹಳೇ ಮನೆಗಳನ್ನು ಜೋಪಾನ ಮಾಡಿದ್ದಳು. ತನ್ನ ಮನೆ ಇಲ್ಲಿ ಏಳುತ್ತಿದ್ದುದನ್ನು ಕಾಣಲಿಲ್ಲ.

ಅಲ್ಲೇ ನಿಂತು ಮೆಸೇಜು ಬರೆದಳು. ಶನಿವಾರ, ವುಡ್‌ಲ್ಯಾಂಡ್ಸ್ ಹಾಕರ್ ಸೆಂಟರ್, ಬರ್ತೀಯಾ?

ಬಹಳ ಹೊತ್ತಿನ ಮೇಲೆ ಬಂತು, 'ಸರಿ.'

---

ಶನಿವಾರ ಅವಳು ಬೇಗ ಹೋಗಿ ಕೂತಳು. ಎದುರಿನ ಸ್ಟೂಲಿನ ಮುಂದೆ, ಮೇಜಿನ ಮೇಲೆ, ಒಂದು ಟಿಶ್ಯೂ ಪೊಟ್ಟಣ ಇಟ್ಟಳು.

ನವನೀತ್ ಬಂದ. ತಲೆಯಲ್ಲಿ ಕೂದಲಿತ್ತು, ಕಣ್ಣಿನ ಸುತ್ತ ಗೆರೆಗಳಿದ್ದವು. ಪೊಟ್ಟಣವನ್ನು ನೋಡಿದ, ಕೂತ.

ಅವಳು ಎಲ್ಲ ಹೇಳಿದಳು. ಏರ್‌ಪೋರ್ಟಿನಲ್ಲಿ ತಾನು ಕಾಯುತ್ತಿದ್ದ ಮಾತು, ಅವನಾಡಿದ ಮಾತು ತನಗೆ ಅರ್ಥವಾಗದೆ ಹೋದದ್ದು, ರೈಲಿನಲ್ಲಿ ಹುಯಿಮಿನ್ ನಕ್ಕದ್ದು. ಅವನು ತಲೆ ತಗ್ಗಿಸಿ ಕೇಳಿಸಿಕೊಂಡ. ನಡುವೆ ಒಮ್ಮೆ ತುಟಿಯಂಚಿನಲ್ಲಿ ನಗೆಯಂಥದ್ದು ಬಂದು ಹೋಯಿತು. ಮೈಸೂರಿನಿಂದ ಬಂದವಳಿಗೆ ಬಿಡಿಸಿ ಹೇಳಬೇಕಿತ್ತು, ತಾನೂ ಪೆದ್ದನೇ ಎಂದ.

ಆಮೇಲೆ ಆ ನಗೆ ನಿಂತಿತು.

"ಫ್ಲ್ಯಾಟ್ ವಿಷಯ ಗೊತ್ತಾಗ್ಲಿಲ್ಲ, ಸರಿ. ಅಪ್ಪ ಆಸ್ಪತ್ರೇಲಿದ್ದಾಗ ಒಂದು ಫೋನ್ ಮಾಡ್ಬೇಕು ಅನ್ನೋದು... ಅದು ಮೈಸೂರಲ್ಲೂ ಗೊತ್ತಿರುತ್ತೆ, ಪ್ರಣತಿ."

ನಾಚಿಕೆಯಾಗಿತ್ತು ಅನ್ನಬಹುದಿತ್ತು. ಅದು ಎಷ್ಟು ಸಣ್ಣ ಮಾತು ಎಂದು ಅವಳಿಗೇ ಗೊತ್ತಿತ್ತು.

"ದಿನಾ ಕೇಳ್ತಿದ್ರು. ಟಿಶ್ಯೂ ಫೋನ್ ಮಾಡಿದ್ಲಾ ಅಂತ." ಅವನ ದನಿ ಒಡೆಯಿತು. "ಕೊನೇ ದಿನ, ಮಾಡಿದ್ಲು ಅಂದೆ. ಚೆನ್ನಾಗಿದಾಳಾ ಅಂದ್ರು. ಚೆನ್ನಾಗಿದಾಳೆ, ರಜಕ್ಕೆ ಬರ್ತಾಳಂತೆ ಅಂದೆ. ಅಪ್ಪನ ಹತ್ರ ನಾನು ಆಡಿದ ಕೊನೇ ಮಾತು, ಸುಳ್ಳು."

ಪ್ರಣತಿಯ ಕಣ್ಣು ಹರಿಯತೊಡಗಿತು. ಅಳುವ ಹಕ್ಕೂ ತನಗಿಲ್ಲ ಎಂದು ತಡೆಯಲು ನೋಡಿದಳು, ಆಗಲಿಲ್ಲ. ನವನೀತ್ ಟಿಶ್ಯೂ ಪೊಟ್ಟಣವನ್ನು ಅವಳ ಕಡೆ ತಳ್ಳಿದ.

ಅವಳು ಅದನ್ನು ಮತ್ತೆ ಅವನ ಮುಂದೆಯೇ ಸರಿಸಿದಳು. ಸೆರಗಿಲ್ಲದ ಬಟ್ಟೆ, ಅಂಗೈಯಲ್ಲೇ ಕಣ್ಣೊರೆಸಿಕೊಂಡಳು.

"ಬೇಡ. ಇದನ್ನ ಜಾಗಕ್ಕೆ ಇಟ್ಟಿರೋದು."

ಅವನು ಎದ್ದ. ಜನರ ನಡುವೆ ನಡೆದು ಹೋದ.

ಹೋದ... ಇಷ್ಟೇ... ಇಷ್ಟಕ್ಕೇ ನಾನು ಅರ್ಹಳು...

ಟ್ರೇ ಹಿಡಿದ ಒಬ್ಬ ಚೀನೀ ಮುದುಕಪ್ಪ ಆ ಖಾಲಿ ಸ್ಟೂಲಿನ ಹತ್ತಿರ ಬಂದ. ಕೂರಲು ಬಗ್ಗಿದವನು ಮೇಜಿನ ಮೇಲಿನ ಪೊಟ್ಟಣ ಕಂಡ. ಅವಳ ಒದ್ದೆ ಮುಖ ಕಂಡ. ಯಾರೋ ಬರುವವರಿದ್ದಾರೆ ಎಂದುಕೊಂಡು ತಲೆಯಾಡಿಸಿ ಮುಂದೆ ಹೋದ.

ನೋಡೋದು ಕಲೀಬೇಕು ಎಂದಿದ್ದರು ಅಂಕಲ್. ಅವಳು ಆ ಪೊಟ್ಟಣವನ್ನೇ ನೋಡುತ್ತಾ ಕೂತಳು.

ಎರಡು ಲೋಟ ಚಹಾ ಮೇಜಿಗೆ ಬಂದವು. ನವನೀತ್ ತನ್ನ ಜಾಗದಲ್ಲಿ ಕೂತ. ಅವನ ಕಣ್ಣುಗಳೂ ಕೆಂಪಾಗಿದ್ದವು.

"ನನ್ನ ಬೇಜಾರು ಹೋಗಿಲ್ಲ," ಎಂದ. "ಬೇಗ ಹೋಗೋದೂ ಇಲ್ಲ."

"ಹೋಗೋದು ಬೇಡ. ನನ್ನದೂ ಹೋಗಲ್ಲ. ಇಬ್ಬರದೂ ಜೊತೇಲಿರ್ಲಿ."

ಅವನು ಚಹಾ ಆರಿಸುತ್ತಾ ಮೆಲ್ಲಗೆ ಹೇಳಿದ. ಅಂದು ಅವಳನ್ನು ಕೇಳುವ ಮೊದಲು ಅಪ್ಪನೂ ತಾನೂ ಹೋಗಿ ಆ ಮನೆಗಳ ಮಾದರಿ ನೋಡಿ ಬಂದಿದ್ದರಂತೆ. ಅಪ್ಪ ಕನ್ನಡಕ ಮೇಲೇರಿಸಿ, ಅಡುಗೆಮನೆ ಕಿಟಕಿ ಪೂರ್ವಕ್ಕಿದೆ ಕಣೋ, ಟಿಶ್ಯೂಗೆ ಬೆಳಗಿನ ಬಿಸಿಲು ಇಷ್ಟ ಎಂದಿದ್ದರಂತೆ.

ಪ್ರಣತಿ ಚಹಾ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಆಮೇಲೆ, ಅಂದು ಏರ್‌ಪೋರ್ಟಿನಲ್ಲಿ ಅವನು ಸರಿಮಾಡಿಕೊಂಡ ಹಾಗೆಯೇ ಗಂಟಲು ಸರಿಮಾಡಿಕೊಂಡಳು.

"ನವನೀತ್... ಫ್ಲ್ಯಾಟ್ ಅಪ್ಲೈ ಮಾಡೋಣ್ವಾ?"

ಅವನು ಅವಳನ್ನೇ ನೋಡಿದ. "ಪುಂಗೋಲ್‌ದು ಮುಗಿದು ಹೋಯ್ತಲ್ಲ."

"ಎಲ್ಲಾದ್ರೂ ಸರಿ. ಕಿಟಕಿ ಪೂರ್ವಕ್ಕಿರ್ಲಿ."

"ಕಟ್ಟಿ ಮುಗಿಯೋಕೆ ಮತ್ತೆ ನಾಲ್ಕು ವರ್ಷ ಕಾಯ್ಬೇಕಾಗುತ್ತೆ."

"ಕಾಯ್ತೀನಿ. ಈ ಸಲ ಇಲ್ಲೇ ಕೂತು."

ನವನೀತ್ ಟಿಶ್ಯೂ ಪೊಟ್ಟಣವನ್ನು ಎತ್ತಿ ತನ್ನ ಅಂಗಿಯ ಜೇಬಿಗಿಟ್ಟುಕೊಂಡ.

"ಚಹಾ ಕುಡಿ, ಆರುತ್ತೆ," ಎಂದ. "ಆಮೇಲೆ ಮನೆಗೆ ಹೋಗೋಣ. ಅಮ್ಮ ಉಪ್ಪಿಟ್ಟು ಮಾಡಿರ್ತಾಳೆ. ಅಪ್ಪನ ಫೋಟೋ ಮುಂದೆ ನಿಂತು ನೀನೇ ಹೇಳು... ಬಂದೆ ಅಂತ."